ಭಾವನ ಡ್ರೋನೂ ಬೂರುಗದ ನೆತ್ತಿಯೂ

ಕಳೆದ ಫೆಬ್ರುವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ, ಪುಣೆಯಿಂದ ಎರಡೂವರೆ ತಾಸಿನ ದಾರಿಯಲ್ಲಿರುವ ಒಂದು ದೇವರಕಾಡಿನಲ್ಲಿ, ನಮ್ಮ ಭಾವನ ಡ್ರೋನ್ ಹಾರಲಿಲ್ಲ. ಸ್ಥಳದಲ್ಲಿ ನಾನಿದ್ದೆ.

ಹಾರದೇ ಇದ್ದದ್ದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಹಾರಿದ್ದು, ಬಿದ್ದದ್ದು, ಹೊತ್ತಿ ಉರಿದದ್ದು ಸುದ್ದಿ. ಕೂತಲ್ಲೇ ಕೂತದ್ದು ಸುದ್ದಿಯಲ್ಲ ಎಂದು ನಮ್ಮ ಪತ್ರಿಕೆಗೆ ಬರುವ ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ. ಆದರೆ ಭಾವನ ಮಟ್ಟಿಗೆ ಆ ಪಾಠ ನಡೆಯುವುದಿಲ್ಲ. ಅವರು ಇಡೀ ಪುಣೆಯಲ್ಲೇ ಅತ್ಯಂತ ಸುರಕ್ಷಿತ ಡ್ರೋನ್ ಚಾಲಕ! ಡ್ರೋನ್ ಕೊಂಡು ಅವತ್ತಿಗೆ ಹದಿನಾಲ್ಕು ತಿಂಗಳು. ಅಪಘಾತ ಇಲ್ಲ, ದೂರು ಇಲ್ಲ, ದಂಡ ಇಲ್ಲ, ರೆಕ್ಕೆಗೆ ಒಂದು ಗೀರು ಸಹ ಇಲ್ಲ. ಇರುವುದಾದರೂ ಹೇಗೆ? ಅದು ಒಮ್ಮೆಯಾದರೂ ನೆಲ ಬಿಟ್ಟಿದ್ದರೆ ತಾನೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಧಾರವಾಡದವರು. ಮೂವತ್ತೊಂದು ವರ್ಷ ಪುಣೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟದ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಕೈಯಲ್ಲಿ ಸದಾ ಇರುತ್ತಿದ್ದ ಆಯುಧ ಒಂದು ಗೇಣುದ್ದದ ಉಕ್ಕಿನ ಕಡ್ಡಿ. ಅದರ ಒಂದು ತುದಿಯ ಹೆಸರು ‘ಗೋ’, ಇನ್ನೊಂದು ತುದಿಯದು ‘ನೋ ಗೋ’. ಕೊರೆದ ತೂತಿನೊಳಗೆ ಮೊದಲ ತುದಿ ಹೋಗಬೇಕು, ಎರಡನೆಯದು ಹೋಗಬಾರದು. ಹೋದರೆ ಮಾಲು ರಿಜೆಕ್ಟ್. ಚರ್ಚೆ ಇಲ್ಲ, ದಾಕ್ಷಿಣ್ಯ ಇಲ್ಲ, ಮ್ಯಾನೇಜರು ಬಂದು ನಿಂತರೂ ಇಲ್ಲ. ನಿವೃತ್ತಿಯ ದಿನ ಕಾರ್ಖಾನೆಯವರು ಶಾಲು ಹೊದೆಸಿ ಅದೇ ಕಡ್ಡಿಯನ್ನು ಕೊಟ್ಟು ಕಳಿಸಿದರು. ಅದು ಈಗ ಅವರ ಅಂಗಿಯ ಜೇಬಿನಲ್ಲಿರುತ್ತದೆ. ನಮ್ಮ ಓಣಿಯ ಉಡುಪಿ ಹೋಟೆಲಿನ ಮಾಲೀಕರು ವಡೆ ತಂದಿಟ್ಟು, “ಸಾರ್, ಇವತ್ತಿನ ಬ್ಯಾಚು ಪಾಸಾ?” ಎಂದು ಕೈಕಟ್ಟಿ ನಿಲ್ಲುತ್ತಾರೆ. ತಮಾಷೆಗೆ ಅಂದುಕೊಂಡಿರಾ? ಭಾವ ಜೇಬಿಗೆ ಕೈ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ!

ಇನ್ನೊಂದು ಚಟ ಮೂಲಬಿಂದುವಿನದು. ಯಾವುದನ್ನೇ ಅಳೆಯುವ ಮೊದಲು, ಎಲ್ಲಿಂದ ಅಳೆಯುತ್ತೇವೆ ಎಂದು ಒಂದು ಬಿಂದುವನ್ನು ನಿಶ್ಚಯಿಸಬೇಕು. ಆಮೇಲೆ ಎಲ್ಲ ಅಳತೆಯೂ ಅಲ್ಲಿಂದಲೇ. ವಿಮಾನ ನಗರದ ಅವರ ಫ್ಲ್ಯಾಟಿನಲ್ಲಿ ಆ ಬಿಂದು ನಡುಮನೆಯ ವಾಯವ್ಯ ಮೂಲೆ. ಗಡಿಯಾರ, ಕ್ಯಾಲೆಂಡರು, ದೇವರ ಪಟ ಎಲ್ಲಕ್ಕೂ ಅಲ್ಲಿಂದಲೇ ಲೆಕ್ಕ. ಒಂದು ಮದುವೆ ಫೋಟೊ ತೂಗುಹಾಕಲು ಎರಡು ಭಾನುವಾರ ಹಿಡಿಯಿತು. “ಕಣ್ಣಂದಾಜಿಲೆ ಹೊಡೀರಿ ಒಂದ್ ಮೊಳಿ,” ಎಂದಳು ಅಕ್ಕ. “ಎಲ್ಲಿಂದ ಅಳೀಬೇಕು ಅನ್ನೋದು ಗೊತ್ತಿಲ್ಲದವರು ಅಳೀಲೇಬಾರದು,” ಎಂದರು ಭಾವ. ಮೊಳೆ ಮೂರನೆಯ ಭಾನುವಾರಕ್ಕೆ ಹೋಯಿತು.

ಇಂಥವರಿಗೆ ಡ್ರೋನ್ ಯಾಕೆ ಬೇಕಾಯಿತು? ಅಕ್ಕನ ಮೊಣಕಾಲಿನಿಂದ.

ಅಕ್ಕ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ನಾನು ಮೊದಲು ಹೇಳಿದ ದೇವರಕಾಡಿನ ನಡುವೆ, ಗುಡಿಯ ಹಿಂದೆ, ಒಂದು ಭಾರಿ ಬೂರುಗದ ಮರ ಇದೆ. ಫೆಬ್ರುವರಿಯಲ್ಲಿ ಎಲೆಯೆಲ್ಲ ಉದುರಿ ನೆತ್ತಿಯ ತುಂಬ ಕೆಂಪು ಹೂವಾಗುತ್ತದೆ. ಸುತ್ತಲಿನ ದಟ್ಟ ಹಸುರಿನಿಂದಾಗಿ ಕೆಳಗೆ ನಿಂತವರಿಗೆ ಕಾಣುವುದು ಕಾಂಡ, ಒಂದೆರಡು ಕೊಂಬೆ, ಉದುರಿದ ಹೂವು ಇಷ್ಟೇ. ನೆತ್ತಿ ನೋಡಬೇಕಾದರೆ ಹಳ್ಳ ದಾಟಿ ಎದುರಿನ ಗುಡ್ಡದ ಏಣು ಹತ್ತಬೇಕು. ಅಕ್ಕ ಪ್ರತಿ ಫೆಬ್ರುವರಿ ಹತ್ತುತ್ತಿದ್ದಳು. ಒಂದು ತಾಸು ಸುಮ್ಮನೆ ಕೂತು ನೋಡಿ ಇಳಿಯುತ್ತಿದ್ದಳು. ಭಾವ ಕೆಳಗೆ ಗುಡಿಯ ಕಟ್ಟೆಯ ಮೇಲೆ ಪೇಪರು ಓದುತ್ತ ಕಾಯುತ್ತಿದ್ದರು. ಒಮ್ಮೆಯೂ ಹತ್ತಲಿಲ್ಲ. ಅವರಿಗೆ ಎತ್ತರವೆಂದರೆ ಆಗುವುದಿಲ್ಲ. ಎರಡನೆಯ ಮಹಡಿಯ ಬಾಲ್ಕನಿಯಲ್ಲೂ ಗೋಡೆಗೆ ಬೆನ್ನು ಹಚ್ಚಿ ಚಹಾ ಕುಡಿಯುವ ಮನುಷ್ಯ!

ಮೊಣಕಾಲಿನ ಆಪರೇಷನ್ ಆದಮೇಲೆ ಡಾಕ್ಟರು, “ಮೆಟ್ಟಿಲು ನಡೆಯುತ್ತದೆ, ಗುಡ್ಡ ಮಾತ್ರ ಇನ್ನು ಬೇಡ,” ಎಂದರು. ಅಕ್ಕ ಗೋಳಾಡುವವಳಲ್ಲ. ಒಂದು ಸಂಜೆ ಬಟಾಣಿ ಸುಲಿಯುತ್ತ, “ಈ ಸಲ ಬೂರುಗದ ನೆತ್ತಿ ಹ್ಯಾಂಗ ಕಾಣ್ತದೋ ಏನೋ,” ಎಂದಳಂತೆ. ಅಷ್ಟೇ. ಮರುವಾರ ಮನೆಗೆ ಡ್ರೋನ್ ಬಂತು. “ನೀ ಗುಡ್ಡ ಹತ್ತಬ್ಯಾಡ, ನಾನೂ ಹತ್ತೂದಿಲ್ಲ. ಕ್ಯಾಮೆರಾ ಹತ್ತಿ ನೋಡಿ ಬರ್ತದ. ನೆತ್ತಿ ತೋರಸೂದು ನನ್ನ ಜವಾಬ್ದಾರಿ,” ಎಂದರು ಭಾವ. ಮಾತು ಕೊಟ್ಟ ದಿನ ಡಿಸೆಂಬರಿನದು. ಹೂವಿಗೆ ಎರಡು ತಿಂಗಳಿತ್ತು.

ಮೊದಲ ವಿಘ್ನ ಅದೇ ದಿನ ಬಂತು. ಸರಕಾರದ ನಕ್ಷೆಯಲ್ಲಿ ಡ್ರೋನ್ ಹಾರಿಸಲು ಹಸಿರು, ಹಳದಿ, ಕೆಂಪು ಎಂದು ವಲಯಗಳಿವೆ. ಹಸಿರಿನಲ್ಲಿ ಹಾರಿಸಬಹುದು, ಹಳದಿಯಲ್ಲಿ ಕೇಳಬೇಕು, ಕೆಂಪಿನಲ್ಲಿ ಕನಸಲ್ಲೂ ಕೂಡದು. ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ನಮ್ಮ ಭಾವನ ಮನೆ ಯಾವ ಬಣ್ಣದಲ್ಲಿರಬಹುದು? ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ವಿಮಾನದ ಗಾಲಿಯ ಮಣ್ಣು ಕಾಣುತ್ತದೆ!

ಹಾರಿಸುವುದಿರಲಿ, ಮನೆಯಲ್ಲಿ ಅದಕ್ಕೆ ಬ್ಯಾಟರಿ ಹಾಕಲೂ ಭಾವ ಒಪ್ಪಲಿಲ್ಲ.

“ಒಂದ್ಸಲ ರೆಕ್ಕಿ ತಿರಗತಾವೋ ಇಲ್ಲೋ ನೋಡ್ರಲಾ,” ಎಂದಳು ಅಕ್ಕ.

“ಕೆಂಪು ವಲಯ.”

“ಹಂಗಾರ ಮಿಕ್ಸರ್ ಹಚ್ಚಲೋ ಬ್ಯಾಡೋ? ಅದಕ್ಕೂ ರೆಕ್ಕಿ ಅದಾವ!”

ಭಾವ ಒಂದು ಗಳಿಗೆ ಯೋಚಿಸಿದರು ಎಂಬುದು ನನಗೆ ಇಂದಿಗೂ ಮರೆಯಲಾಗದ ಸಂಗತಿ.

ಹಾಗಾದರೆ ಅಭ್ಯಾಸ ಹೇಗೆ? ಊರ ಹೊರಗಿನ ಒಂದು ತರಬೇತಿ ಸಂಸ್ಥೆಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕೂತು ಕಲಿತರು. ಆದರೆ ಅಲ್ಲಿ ಹಾರಿಸಿದ್ದು ಸಂಸ್ಥೆಯ ಡ್ರೋನನ್ನು. ಆದ್ದರಿಂದ ಅದು ಮೇಲಿನ ನನ್ನ ದಾಖಲೆಯನ್ನು ಕೆಡಿಸುವುದಿಲ್ಲ. ಕಲಿತದ್ದು ಮರೆಯಬಾರದೆಂದು ಮನೆಯಲ್ಲೂ ಅಭ್ಯಾಸ ಮುಂದುವರಿಸಿದರು, ಡ್ರೋನ್ ಇಲ್ಲದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅವರು ರಿಮೋಟು ಹಿಡಿದು ನಿಲ್ಲುವುದು, ಡ್ರೋನಿನ ಜಾಗದಲ್ಲಿ ನಾನು ನಡೆಯುವುದು! ಕೈ ಎಷ್ಟು ಎತ್ತಿದ್ದೇನೋ ಅಷ್ಟು ಎತ್ತರದಲ್ಲಿದ್ದೇನೆ ಎಂದು ಲೆಕ್ಕ.

“ಬಾತಮಿದಾರ, ಎಡಕ್ಕ!” ಬಾತಮಿದಾರ ಎಂದರೆ ಮರಾಠಿಯಲ್ಲಿ ವರದಿಗಾರ, ಭಾವ ನನ್ನನ್ನು ಕರೆಯುವುದೇ ಹಾಗೆ. “ಹಂಗಲ್ಲವಾ, ನಿನ್ನ ಎಡ ಅಲ್ಲ, ನನ್ನ ಎಡ. ಈಗ ನಿಂದರು. ಅಲ್ಲೇ ತೇಲು.”

ನಾನು ಒಂದು ಸ್ಕೂಟರಿನ ಪಕ್ಕ ಎರಡೂ ಕೈ ಮೇಲೆತ್ತಿ ತೇಲುತ್ತಿರುವಾಗ ವಾಚ್‌ಮನ್ ಓಡಿಬಂದ. “ಮ್ಯಾಡಮ್, ಕಾಯ್ ಝಾಲಂ? ಬರಂ ವಾಟತ್ ನಾಹೀ ಕಾ?” ಏನಾಯಿತು, ಆರಾಮ ಇಲ್ಲವೇ ಎಂದು ಅವನ ಆತಂಕ. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು. “ಭಾವಾ, ಬ್ಯಾಟರಿ ಖಾಲಿ ಆಗೇದ,” ಎಂದೆ. ಭಾವ ಗಂಭೀರವಾಗಿ ಒಂದು ಗುಂಡಿ ಒತ್ತಿದರು. “ಹಾರಿದ ಜಾಗಕ್ಕ ವಾಪಸ್!” ನಾನು ನೆಟ್ಟಗೆ ಅಕ್ಕನ ಅಡುಗೆಮನೆಗೆ ಬಂದಿಳಿದೆ.

ನಡುವೆ ಧಾರವಾಡದಿಂದ ನೆಂಟರು ಜೇಜುರಿಯ ಖಂಡೋಬಾನ ದರ್ಶನಕ್ಕೆ ಬಂದರು. ಬೆಟ್ಟದ ಮೇಲೆ ಭಂಡಾರ ಎರಚುವಾಗ ಇಡೀ ಗುಡಿ ಅರಿಸಿನದ ಮೋಡವಾಗುತ್ತದಲ್ಲ, ಅದನ್ನು ಮೇಲಿನಿಂದ ಹಿಡಿದುಕೊಡಿ ಎಂದು ಅವರ ಒತ್ತಾಯ. ಭಾವ ಡ್ರೋನಿನ ಪೆಟ್ಟಿಗೆಯನ್ನೇನೋ ಜೊತೆಗೆ ಒಯ್ದರು. ಬಿಸಿಲಲ್ಲಿ ಕಾರಿನೊಳಗೆ ಬ್ಯಾಟರಿ ಇಡಬಾರದೆಂಬ ನಿಯಮವಿದೆಯಂತೆ; ಅದಕ್ಕೇ ಬೆನ್ನಿಗೆ ಕಟ್ಟಿಕೊಂಡು ಬೆಟ್ಟದ ಬುಡದಲ್ಲಿ ನೆರಳಿಗೆ ಕೂತರು. ಪೆಟ್ಟಿಗೆ ತೆರೆಯಲಿಲ್ಲ. “ಮಂದಿ ತಲಿ ಮ್ಯಾಲೆ ಹಾರಿಸಬಾರದು.”

ನೆಂಟರಲ್ಲಿ ಹಿರಿಯರೊಬ್ಬರು ರೇಗಿದರು. “ಊರಾಗ ಬ್ಯಾಡ, ಗುಡ್ಯಾಗ ಬ್ಯಾಡ, ಮನ್ಯಾಗಂತೂ ಬ್ಯಾಡೇ ಬ್ಯಾಡ. ಹಂಗಾರ ಯಾಕ ತಗೊಂಡ್ರಿ ಇದನ್ನ?”

“ನೋಡ್ರಿ, ಡ್ರೋನ್ ಇಲ್ಲದವರು ಹಾರಿಸದ ಇದ್ರ ಅದರಾಗ ಏನ್ ದೊಡ್ಡಸ್ತಿಕಿ ಅದ?” ಎಂದರು ಭಾವ.

ಇತ್ತ ಮೊದಲ ಫೆಬ್ರುವರಿ ಕಾಗದಪತ್ರದಲ್ಲೇ ಉದುರಿಹೋಯಿತು. ದೇವರಕಾಡು ಸಂರಕ್ಷಿತ ಪ್ರದೇಶ. ಅರಣ್ಯ ಕಚೇರಿಯ ಲಿಖಿತ ಅನುಮತಿ ಬೇಕು. ಭಾವ ಶುದ್ಧ ಮರಾಠಿಯಲ್ಲಿ ಅರ್ಜಿ ಬರೆದೊಯ್ದರು. ಅಲ್ಲಿನ ಅಧಿಕಾರಿ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಭಾವನನ್ನೇ ನೋಡಿದರಂತೆ. ಸಾಮಾನ್ಯವಾಗಿ ಜನ ಮೊದಲು ಹಾರಿಸುತ್ತಾರೆ, ಆಮೇಲೆ ನಾವು ಹಿಡಿಯುತ್ತೇವೆ, ಕೇಳಿಕೊಂಡು ಬಂದವರಲ್ಲಿ ನೀವೇ ಮೊದಲಿಗರು ಎಂದು ಚಹಾ ತರಿಸಿದರು. ಎಲ್ಲರೂ ಸಹಕರಿಸಿದರು, ಹಾಗಾಗಿಯೇ ತಡವಾಯಿತು! ಅವರು ಒಂದು ಷರತ್ತು ಹಾಕಿದರೆ ಭಾವ ತಾವೇ ಇನ್ನೆರಡು ಸೇರಿಸಿ ಬರುತ್ತಿದ್ದರು. ಡ್ರೋನಿನ ನೋಂದಣಿ, ವಿಮೆ, ಪೊಲೀಸ್ ಠಾಣೆಗೆ ಮಾಹಿತಿ, ಗಾಳಿಯ ವೇಗ, ಹಕ್ಕಿ ಎದುರಾದರೆ ಏನು ಮಾಡಬೇಕು, ಹೀಗೆ ಇಪ್ಪತ್ತೆರಡು ಅಂಶಗಳ ಒಂದು ಪಟ್ಟಿ ಸಿದ್ಧವಾಯಿತು. ಆ ವರ್ಷ ಅಕ್ಕ ಗುಡಿಯ ಅಂಗಳದಲ್ಲಿ ಉದುರಿದ ಹೂವು ಆರಿಸಿಕೊಂಡು ಬಂದಳು. ಕೊನೆಗೆ ಈ ಸಲದ ಹೂವಿನ ಹೊತ್ತಿಗೆ ಅನುಮತಿ ಬಂತು: ಒಂದು ದಿನ, ಒಂದು ತಾಸು, ಬೆಳಿಗ್ಗೆ ಎಂಟರಿಂದ ಒಂಬತ್ತು, ಅರಣ್ಯ ರಕ್ಷಕನ ಸಮ್ಮುಖದಲ್ಲಿ.

ಈಗ ಆ ಭಾನುವಾರಕ್ಕೆ ಬರೋಣ.

ಎಂಟಕ್ಕೆ ಸರಿಯಾಗಿ ನಾವು ಗುಡಿಯ ಅಂಗಳದಲ್ಲಿದ್ದೆವು. ಭಾವ, ಅಕ್ಕ, ನಾನು, ಖಾಕಿಯ ಅರಣ್ಯ ರಕ್ಷಕ, ಮತ್ತು ಗುಡಿಯ ಪೂಜಾರಿ, ಹಲ್ಲಿಲ್ಲದ ಹಸನ್ಮುಖಿ ಮುದುಕ. ಆಚೆ ಒಂದು ಕುಟುಂಬ ಕೂಸಿನ ಜವಳ ತೆಗೆಸಲು ಬಂದು ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿತ್ತು. ಅಕ್ಕನ ಮಡಚುವ ಕುರ್ಚಿ ಹಾಕಿದ್ದಾಯಿತು. ಅವಳ ತೊಡೆಯ ಮೇಲೆ ಹಳೆಯ ದುರ್ಬೀನು, ಎದುರಿಗೆ ಚಿತ್ರ ಮೂಡಬೇಕಾದ ಪರದೆ. ಭಾವ ಪಟ್ಟಿ ಹಿಡಿದು ಗಟ್ಟಿಯಾಗಿ ಓದತೊಡಗಿದರು. ಒಂದು, ಸರಿ. ಎರಡು, ಸರಿ. ಅರಣ್ಯ ರಕ್ಷಕ ಹನ್ನೊಂದನೆಯದಕ್ಕೆ ಆಕಳಿಸಿದ. ಇಪ್ಪತ್ತೆರಡು, ಸರಿ! ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿ ಡ್ರೋನ್ ಪೆಟ್ಟಿಗೆಯಿಂದ ಹೊರಬಂದು ಚೌಕ ಹಾಸಿನ ಮೇಲೆ ಕೂತಿತು. ಅಕ್ಕ ಸೆರಗು ಸರಿಮಾಡಿಕೊಂಡಳು, ಫೋಟೊ ತೆಗೆಸಿಕೊಳ್ಳುವವಳ ಹಾಗೆ.

ಆಗ ಪೂಜಾರಿ ಬಾಯಿಬಿಟ್ಟರು. “ದೇವಾಲಾ ವಿಚಾರಲಂ ಕಾ?” ದೇವರನ್ನು ಕೇಳಿದಿರಾ?

ಈ ಕಾಡಿನಲ್ಲಿ ಒಂದು ಒಣ ಕಡ್ಡಿ ಎತ್ತಬೇಕಾದರೂ ದೇವರ ಕೌಲ್ ಪಡೆಯುವ ಪದ್ಧತಿ ಇದೆ. ನಮ್ಮ ಕಡೆ ಪ್ರಸಾದ ಕೇಳುವುದು ಎನ್ನುತ್ತೇವಲ್ಲ, ಅದೇ. ಒದ್ದೆ ಮಾಡಿದ ಮೂರ್ತಿಯ ಎರಡು ಭುಜಕ್ಕೂ ಒಂದೊಂದು ಹೂವಿನೆಸಳು ಹಚ್ಚುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ.

ನಾನು ಗಡಿಯಾರ ನೋಡಿದೆ. ಬೇರೆ ಯಾರಾದರೂ ಆಗಿದ್ದರೆ ಕೈಮುಗಿದು, ದಕ್ಷಿಣೆ ಇಟ್ಟು, ಗುಂಡಿ ಒತ್ತಿಬಿಡುತ್ತಿದ್ದರು. ಭಾವನ ಮುಖ ಮಾತ್ರ ಅರಳಿತು. “ಎರಡು ತುದಿ! ಒಂದು ಗೋ, ಒಂದು ನೋ ಗೋ! ಎಂಥಾ ಛಲೋ ಪದ್ಧತಿ ಅದ ನೋಡು!” ಪಟ್ಟಿಯ ಕೆಳಗೆ ಪೆನ್ನಿನಿಂದ ಬರೆದೇಬಿಟ್ಟರು: ಇಪ್ಪತ್ಮೂರು, ದೇವರು.

ಎಸಳು ಹಚ್ಚಿದರು. ಎಂಟು ಗಂಟೆ ನಲವತ್ತು ನಿಮಿಷಕ್ಕೆ ಎಡಗಡೆಯ ಎಸಳು ಬಿತ್ತು.

ಪೂಜಾರಿಗೇ ಪಾಪ ಅನ್ನಿಸಿತು. “ಪುನ್ಹಾ ವಿಚಾರೂ,” ಮತ್ತೆ ಕೇಳೋಣ, ಮೂರು ಸಲದವರೆಗೂ ಕೇಳುವುದುಂಟು ಎಂದರು. ಅರಣ್ಯ ರಕ್ಷಕ, “ಕಾಕಾ, ಇನ್ನು ಇಪ್ಪತ್ತೇ ನಿಮಿಷ,” ಎಂದು ಮರಾಠಿಯಲ್ಲಿ ನೆನಪಿಸಿದ. ನಾನೂ ಸೇರಿಕೊಂಡೆ. “ಭಾವಾ, ಇನ್ನೊಮ್ಮೆ ಕೇಳ್ರಿ. ಅಕ್ಕ ಎರಡು ವರ್ಷದಿಂದ ಕಾಯ್ಲಿಕ್ಹತ್ತಾಳ.”

ಭಾವ ಅಕ್ಕನ ಕಡೆ ನೋಡಿದರು. ಅಕ್ಕ ಖಾಲಿ ಪರದೆಯನ್ನು ನೋಡುತ್ತಿದ್ದಳು. ಅವರ ಕೈ ಒಂದು ಕ್ಷಣ ರಿಮೋಟಿನ ಮೇಲೆಯೇ ನಿಂತಿತು. ಆಮೇಲೆ ಜೇಬಿಗೆ ಹೋಗಿ ಆ ಉಕ್ಕಿನ ಕಡ್ಡಿಯನ್ನು ಹಿಡಿದುಕೊಂಡಿತು.

“ಪಾಸ್ ಆಗೋ ತನಕಾ ಅಳದ್ರ ಅದು ತಪಾಸಣಿ ಅಲ್ಲವಾ,” ಎಂದರು. “ರಿಜೆಕ್ಟ್ ಅಂದ್ರ ರಿಜೆಕ್ಟ್. ಈಗ ಕಾರಣ ಹುಡಕಬೇಕು.”

ದೇವರು ರಿಜೆಕ್ಟ್ ಮಾಡಿದ್ದಕ್ಕೆ ಕಾರಣ ಹುಡುಕುವುದು! ಭೋಸರಿಯಲ್ಲಿ ಬಿಟ್ಟರೆ ಇನ್ನೆಲ್ಲಿ ಕಲಿಸುತ್ತಾರೆ ಇದನ್ನು? ಭಾವ ಡ್ರೋನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ರೆಕ್ಕೆ ನೋಡಿದರು, ಸ್ಕ್ರೂ ನೋಡಿದರು, ಗಾಳಿಗೆ ಬೆರಳು ಹಿಡಿದರು. ಎಲ್ಲವೂ ಸರಿ. ಆಗ ಕುರ್ಚಿಯಲ್ಲಿ ಕೂತಿದ್ದ ಅಕ್ಕ, ಯಾವಾಗಲೋ ದುರ್ಬೀನನ್ನು ಕಣ್ಣಿಗೆ ಹಚ್ಚಿಕೊಂಡಿದ್ದವಳು, ಮೆಲ್ಲಗೆ ಅಂದಳು:

“ಏನ್ರೀ, ಇಲ್ಲೆ ಬರ್ರಿ. ಆ ದಪ್ಪ ಟೊಂಗಿ ಅಡಿಗೆ ನೋಡ್ರಿ, ಸುತ್ತಲ ಗಿಡದ ಎಲಿ ಸಂದ್ಯಾಗ. ಒಂದು... ಎರಡು... ಮೂರು... ಏಳು ಅದಾವ.”

ಹೆಜ್ಜೇನು. ಹಲಗೆಯಷ್ಟಗಲದ ಏಳು ಹುಟ್ಟುಗಳು ಬೂರುಗದ ಕೊಂಬೆಯ ಅಡಿಗೆ, ಗುಡ್ಡದ ಮೇಲಿಂದ ಅಕ್ಕನ ಕಣ್ಣಿಗೆ ಎಂದೂ ಬೀಳದ ಕಡೆ, ಜೋತುಬಿದ್ದಿದ್ದವು. ಡ್ರೋನ್ ಗುಂಯ್ಗುಡುತ್ತ ಅವುಗಳ ಎದುರಿಗೇ ಏರಬೇಕಿತ್ತು. ಕೆಳಗೆ ನಾವು ಐವರು, ಆಚೆ ಆ ಕುಟುಂಬ, ಬೋಳುತಲೆಯ ಕೂಸು.

ಅರಣ್ಯ ರಕ್ಷಕ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಭಾವ ಪೂಜಾರಿಯ ಕಡೆ ತಿರುಗಿ, ಇಲ್ಲಿ ಹೆಜ್ಜೇನು ಇರುವುದು ನಿಮಗೆ ಗೊತ್ತಿತ್ತೇ ಎಂದು ಕೇಳಿದರು.

ಗೊತ್ತಿಲ್ಲದೆ ಏನು, ಅವು ಪ್ರತಿ ವರ್ಷ ಹೂವಿಗೆ ಬರುತ್ತವೆ ಎಂದರು ಪೂಜಾರಿ. ಮತ್ತೆ ಹೇಳಲಿಲ್ಲವೇಕೆ? ಮುದುಕ ಬೊಚ್ಚು ಬಾಯಿ ಬಿಟ್ಟು ನಕ್ಕರು. “ತುಮ್ಹೀ ದೇವಾಲಾ ವಿಚಾರಲಂ. ಮಲಾ ಕುಠೇ ವಿಚಾರಲಂ?” ನೀವು ಕೇಳಿದ್ದು ದೇವರನ್ನು, ನನ್ನನ್ನೆಲ್ಲಿ ಕೇಳಿದಿರಿ?

ಭಾವ ಪೆನ್ನು ತೆಗೆದು ಬರೆದರು: ಇಪ್ಪತ್ನಾಲ್ಕು, ಪೂಜಾರಿ.

ಅನುಮತಿ ಪತ್ರದ ಹಿಂದೆ ಅರಣ್ಯ ರಕ್ಷಕ ‘ಹಾರಾಟ ನಡೆಯಲಿಲ್ಲ’ ಎಂದು ಬರೆದು ಸಹಿ ಮಾಡಿದ. ಡ್ರೋನ್ ಪೆಟ್ಟಿಗೆಗೆ ಮರಳಿತು. ವಾಪಸು ಬರುವಾಗ ಕಾರಿನಲ್ಲಿ ಅಕ್ಕನ ಮಡಿಲಲ್ಲಿ ಉದುರಿದ ಎರಡು ಹೂವಿದ್ದವು. “ಇರ್ಲಿ ಬಿಡ್ರಿ. ಅರ್ಧಾ ಹೂವು ಕೆಳಗ ಬರ್ತಾವಲ್ಲ, ಅಷ್ಟು ಸಾಕು,” ಎಂದಳು. ಮೂವತ್ತೊಂದು ವರ್ಷದಲ್ಲಿ ಭಾವ ಕೊಟ್ಟ ಮಾತಿನ ಮಾಲು ಹೀಗೆ ಬಾಕಿ ಉಳಿದದ್ದಿಲ್ಲ.

ಮರು ಶನಿವಾರ ಅವರ ಫೋನು ಬಂತು. “ಬಾತಮಿದಾರ, ನಾಳೆ ಮತ್ತ ಹೋಗೋಣ. ನಿನ್ನ ಕಾರು ತಗೊಂಡು ಬಾ.”

“ಅನುಮತಿ ಮತ್ತ ಸಿಕ್ತೇನು?”

“ಡ್ರೋನ್ ತರೂದಿಲ್ಲ.”

ಅವರು ತಂದದ್ದು ಒಂದು ಡ್ರಾಯಿಂಗ್ ಹಲಗೆ, ಒಂದು ಹಾಳೆ, ಗಟ್ಟಿ ಪೆನ್ಸಿಲು ಮತ್ತು ಅಕ್ಕನ ಕಿತ್ತಳೆ ಬಣ್ಣದ ಕೊಡೆ. ಅಂಗಳದಲ್ಲಿ ಅಕ್ಕನನ್ನು ಕೂರಿಸಿ ಕೊಡೆ ಬಿಚ್ಚಿ ಕೈಗೆ ಕೊಟ್ಟರು. “ಮುಚ್ಚಬ್ಯಾಡ. ನಾ ಬರೋ ತನಕಾ ಹಿಂಗ ಹಿಡಿ.”

“ಬಿಸಿಲ ಇಲ್ಲ, ಮಳಿ ಇಲ್ಲ, ಯಾಕ್ರೀ ಕೊಡಿ?”

“ಹಿಡಿ ಅಂದ್ನಲ್ಲಾ!”

ಆಮೇಲೆ ಅವರು ಹಳ್ಳ ದಾಟಿ ಗುಡ್ಡದ ಕಡೆ ನಡೆದರು. ಬೇಡವೆಂದು ನಾನು ಹಿಂದೆ ಓಡಿದೆ. ಹಳ್ಳದ ತನಕ ಬಂದ ನನ್ನನ್ನು ಅಕ್ಕನ ಹತ್ತಿರ ಕಳಿಸಿಬಿಟ್ಟರು. ಊರವರು ಅರ್ಧ ತಾಸಿನಲ್ಲಿ ಹತ್ತುವ ಏಣು ಅದು. ಭಾವನಿಗೆ ಒಂದು ತಾಸು ಐವತ್ತು ನಿಮಿಷ ಹಿಡಿಯಿತು. ಎಲೆಗಳ ಸಂದಿನಲ್ಲಿ ಅವರ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ಅದು ಬಂಡೆಯನ್ನು ತಬ್ಬಿ ನಿಲ್ಲುತ್ತಿತ್ತು. ಕೊನೆಯ ತಿರುವಿನಲ್ಲಂತೂ ನಾಲ್ಕೂ ಕಾಲಿನ ಮೇಲೆ! ಅಕ್ಕ ನಗಲಿಲ್ಲ. ಕೊಡೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

ಮಧ್ಯಾಹ್ನ ಮೊಣಕೈ ತರಚಿಸಿಕೊಂಡು ಇಳಿದುಬಂದು, ಹಾಳೆಯನ್ನು ಅಕ್ಕನ ಮುಂದಿಟ್ಟರು. ಬೂರುಗದ ನೆತ್ತಿ, ಮೇಲಿನಿಂದ ಕಂಡ ಹಾಗೆ, ಕಾರ್ಖಾನೆಯ ನಕ್ಷೆಯ ಶಿಸ್ತಿನಲ್ಲಿ. ಪ್ರತಿ ಕೊಂಬೆಗೂ ಅಂದಾಜು ಅಳತೆ, ಹೂವಿನ ಗೊಂಚಲಿಗೆ ಕ್ರಮಸಂಖ್ಯೆ, ಕೆಳಗಿನಿಂದ ಎಣಿಸಿದ್ದ ಏಳು ಹೆಜ್ಜೇನಿಗೆ ಏಳು ಅಡ್ಡಗೆರೆ. ಬಲಮೂಲೆಯ ಚೌಕದಲ್ಲಿ ‘ಬರೆದವರು’ ಎಂಬಲ್ಲಿ ಅವರ ಸಹಿ. ‘ಪರಿಶೀಲಿಸಿದವರು’ ಎಂಬಲ್ಲಿ ಖಾಲಿ.

ಅಕ್ಕ ತುಂಬ ಹೊತ್ತು ನೋಡಿದಳು. ಮನೆಗೆ ಬಂದಮೇಲೆ ಮೇಷ್ಟರಿಕೆಯ ಕೆಂಪು ಪೆನ್ನು ಹುಡುಕಿದಳು. “ಬೂರುಗದ ಹೂವಿಗೆ ಎಸಳು ಐದು. ನೀವು ನಾಲ್ಕು ಹಾಕೀರಿ. ರಿಜೆಕ್ಟ್.”

ಭಾವ ಪೆನ್ಸಿಲು ಕೆತ್ತಿಕೊಂಡರು. ಮುಂದಿನ ಭಾನುವಾರ ಮತ್ತೆ ಹತ್ತಿದರು. ಈ ಸಲ ಒಂದು ತಾಸು ಇಪ್ಪತ್ತು ನಿಮಿಷ. ಅಕ್ಕ ಮತ್ತೆ ಕೊಡೆ ಹಿಡಿದು ಕೂತಳು.

ಈ ಬರಹ ಮುಗಿಸುವ ಹೊತ್ತಿಗೆ ತಿಳಿದಿರುವುದು ಇಷ್ಟು: ಬರುವ ಫೆಬ್ರುವರಿಗೆಂದು ಹೊಸ ಅರ್ಜಿ, ಇಪ್ಪತ್ನಾಲ್ಕು ಅಂಶಗಳ ಪಟ್ಟಿಯೊಂದಿಗೆ, ಅರಣ್ಯ ಕಚೇರಿ ಸೇರಿದೆ. ಡ್ರೋನ್ ಪೆಟ್ಟಿಗೆಯಲ್ಲಿದೆ. ತಿದ್ದಿದ ನಕ್ಷೆಗೆ ಅಕ್ಕ ಮಾರ್ಚಿನ ಮೊದಲ ವಾರ ಸಹಿ ಹಾಕಿದಳು. ಅದು ನಡುಮನೆಯ ಗೋಡೆಯ ಮೇಲಿದೆ. ಮೊನ್ನೆ ಹೋದಾಗ ಹತ್ತಿರದಿಂದ ನೋಡಿದೆ. ನೆತ್ತಿಯಿಂದ ಸ್ವಲ್ಪ ಈಚೆಗೆ, ಗುಡಿಯ ಅಂಗಳದ ಜಾಗದಲ್ಲಿ, ಕಿತ್ತಳೆ ಬಣ್ಣ ತುಂಬಿದ ಒಂದು ಸಣ್ಣ ವೃತ್ತ ಇದೆ. ಕೊಂಬೆಗಳ ಅಳತೆಯ ಗೆರೆಗಳೆಲ್ಲ ಅಲ್ಲಿಂದಲೇ ಹೊರಟಿವೆ. ಪಕ್ಕದಲ್ಲಿ ಭಾವನ ಅಕ್ಷರದಲ್ಲಿ ‘ಮೂಲಬಿಂದು’ ಎಂದಿದೆ. ಹಾಳೆಯಲ್ಲಿ ಕೆಂಪು ಪೆನ್ನಿನ ಗುರುತು ಹನ್ನೊಂದು ಕಡೆ ಇದೆ. ಆ ವೃತ್ತದಲ್ಲಿ ಮಾತ್ರ ಇಲ್ಲ.